ಕಾಯುವ ಹೊತ್ತಿಗೆ ಹೆಸರಿಟ್ಟ ವಾರ

ನನಗೆ ಕಾಯುವುದೆಂದರೆ ಆಗಿಬರುವುದಿಲ್ಲ. ತಾಂಬರಂನಿಂದ ಎಲೆಕ್ಟ್ರಿಕ್ ಟ್ರೇನು, ಆಮೇಲೆ ಬಸ್ಸು ಹಿಡಿದು ತ್ರಿಪ್ಲಿಕೇನ್ ಸೇರುವಷ್ಟರಲ್ಲಿ ದಿನದ ಕಾಯುವ ಶಕ್ತಿಯೆಲ್ಲ ಖರ್ಚಾಗಿರುತ್ತಿತ್ತು. ಅಂಥವಳಿಗೆ ಗಂಟುಬಿದ್ದ ಕೆಲಸವೂ ಕಾಯುವುದರದ್ದೇ!

ಎರಡು ಸಾವಿರದ ಇಸವಿ ಕಳೆದ ಹೊಸತು. ನಮ್ಮ ಆಫೀಸು ಒಂದು ಹೋಟೆಲಿನ ಮಹಡಿಯ ಮೇಲಿತ್ತು. ಹೋಟೆಲು ನಮ್ಮ ಕಂಪನಿ ಯಜಮಾನರ ಅಣ್ಣನದು, ಇಬ್ಬರೂ ಕುಂದಾಪುರದ ಕಡೆಯವರು. ಕೆಳಗೆ ಒಗ್ಗರಣೆ ಹಾಕಿದರೆ ಮೇಲೆ ನಾವು ಸೀನುತ್ತಿದ್ದೆವು. ಬಸ್ ಟಿಕೆಟ್ ಮಾರುವ ಏಜೆಂಟರ ಕಂಪ್ಯೂಟರು ಬಸ್ ಕಂಪನಿಯ ಕಂಪ್ಯೂಟರನ್ನು "ಸೀಟು ಇದೆಯಾ?" ಎಂದು ಕೇಳಬೇಕಲ್ಲ, ಆ ಮಾತುಕತೆ ನಡೆಸುವ ಪ್ರೋಗ್ರಾಂ ನಮ್ಮದು. ನಮ್ಮ ಗಿರಾಕಿಗಳಾದ ಬೇರೆ ಕಂಪನಿಯವರು ಅದನ್ನು ತಮ್ಮ ಪ್ರೋಗ್ರಾಮಿಗೆ ಜೋಡಿಸಿಕೊಳ್ಳುತ್ತಿದ್ದರು. ಅವರಿಗೆ ಒಳಗಿನದೇನೂ ಕಾಣುತ್ತಿರಲಿಲ್ಲ, ನಾವಿಟ್ಟ ಹೆಸರುಗಳಷ್ಟೇ ಕಾಣುತ್ತಿದ್ದವು.

ಅದರಲ್ಲಿ ಮೂರು ಕಡೆ ಹೊತ್ತು ಗೊತ್ತುಮಾಡಬೇಕಿತ್ತು. ಫೋನ್ ಮಾಡಿದ ಹಾಗೇ ಅಂದುಕೊಳ್ಳಿ: ಆ ಕಡೆಯವರು ಎತ್ತುವವರೆಗೆ ಎಷ್ಟು ಹೊತ್ತು ರಿಂಗಾಗಲಿ ಎಂಬುದು ಒಂದು, ಎತ್ತಿದ ಮೇಲೆ ಉತ್ತರಕ್ಕೆ ಎಷ್ಟು ಹೊತ್ತು ಕಾಯಬೇಕು ಎಂಬುದು ಇನ್ನೊಂದು. ಕೊನೆಯದು, ಸಿಕ್ಕ ಸೀಟನ್ನು ಪ್ರಯಾಣಿಕರಿಗಾಗಿ ಎಷ್ಟು ಹೊತ್ತು ಹಿಡಿದಿಡಬೇಕು ಎಂಬುದು. ಯಜಮಾನರು ಇವಕ್ಕೆ ಇಟ್ಟಿದ್ದ ಹೆಸರು ಟೈಮ್‌ಔಟ್, ವೇಟ್, ಲಿಮಿಟ್. ಯಾವುದು ಯಾವುದಕ್ಕೆ ಅಂತ ದೇವರೇ ಬಲ್ಲ. ಸಾಲದ್ದಕ್ಕೆ ಮೊದಲನೆಯದು ಸೆಕೆಂಡಿನಲ್ಲಿ, ಎರಡನೆಯದು ಸೆಕೆಂಡಿನ ಸಾವಿರದಲ್ಲೊಂದು ಪಾಲಿನಲ್ಲಿ, ಮೂರನೆಯದು ನಿಮಿಷದಲ್ಲಿ!

ಆದರೂ ಬಂಡಿ ಓಡುತ್ತಿತ್ತು. ಯಾಕೆಂದರೆ ನಮ್ಮಲ್ಲಿ ಎಲ್ಲವೂ ಬಾಯಿಪಾಠ. ಹೊಸಬರು ಸೇರಿದ ಮೊದಲ ದಿನ ಹಳಬನೊಬ್ಬ ಅವರನ್ನು ಕೆಳಗೆ ಕಾಫಿಗೆ ಕರೆದೊಯ್ದು, ಯಾವುದಕ್ಕೆ ಯಾವ ಲೆಕ್ಕ ಎಂದು ಕಿವಿಗೆ ಹಾಕುತ್ತಿದ್ದ. ಯಜಮಾನರು ಇಟ್ಟ ಹೆಸರನ್ನು ಬದಲಾಯಿಸುವ ಮಾತನ್ನು ಯಾರೂ ಎತ್ತುತ್ತಿರಲಿಲ್ಲ.

ಪಲ್ಲಾವರಂನ ಹುಡುಗಿ ಸೇರಿದ ವಾರ ಆ ಹಳಬ ಮದುವೆ ರಜೆಯಲ್ಲಿದ್ದ. ಕಾಫಿ ತಪ್ಪಿತು, ಪಾಠವೂ ತಪ್ಪಿತು. ಅವಳದು ಕನ್ನಡದ ಮನೆಯೇ. ಆದರೆ ನಾನು ಕನ್ನಡದಲ್ಲಿ ಕೇಳಿದರೆ ಅವಳ ಉತ್ತರ ಅರ್ಧ ತಮಿಳಿನಲ್ಲಿ. ಚುರುಕು ಹುಡುಗಿ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಖಾಯಂ ಆದರೆ ಎರಡು ವರ್ಷ ಮದುವೆ ಮಾತೆತ್ತುವುದಿಲ್ಲ, ಇಲ್ಲದಿದ್ದರೆ ಕೊಯಮತ್ತೂರಿನ ವರನಿಗೆ ಹೂಂ ಅನ್ನಬೇಕು ಎಂದು ಅವಳ ಅಜ್ಜಿ ಕರಾರು ಹಾಕಿದ್ದರು.

ಸೇರಿ ಕೆಲವು ತಿಂಗಳಾದ ಮೇಲೆ, ಪೊಂಗಲ್ ರಶ್ಶಿಗೆ ಮುಂಚೆ ಅವಳು ಮೊದಲ ಸಲ ಒಬ್ಬ ಗಿರಾಕಿಯ ಆಫೀಸಿಗೆ ಹೋಗಿ ನಮ್ಮ ಪ್ರೋಗ್ರಾಂ ಜೋಡಿಸಿಕೊಟ್ಟು, ವೇಟ್ ಎಂಬಲ್ಲಿ ಮೂವತ್ತು ಎಂದು ಹಾಕಿ ಬಂದಳು. ಮೂವತ್ತು ಸೆಕೆಂಡು ಎಂದು ಅವಳ ಎಣಿಕೆ. ನಮ್ಮ ಲೆಕ್ಕದಲ್ಲಿ ಅದು ಕಣ್ಣು ಮಿಟುಕಿಸುವಷ್ಟೂ ಇಲ್ಲ. ಮರುದಿನ ಬೆಳಗ್ಗೆ ಏಜೆಂಟರೆಲ್ಲರ ಪರದೆಯ ಮೇಲೂ "ಉತ್ತರ ಬರಲಿಲ್ಲ" ಎಂಬ ಒಂದೇ ಸಾಲು. ಗಿರಾಕಿ ಫೋನಿನಲ್ಲಿ ಕೂಗಾಡಿದ್ದು ಹೋಟೆಲಿನವರಿಗೂ ಕೇಳಿಸಿರಬೇಕು.

"ಶುಕ್ರವಾರ ಅವಳದ್ದು ಖಾಯಂ ಮಾಡ್ಲಿಕ್ಕಿತ್ತು. ಇನ್ನು ಹೇಗೆ ಮಾಡುದು? ಅಜಾಗ್ರತೆ ಅಲ್ವಾ ಇದು?" ಎಂದರು ಯಜಮಾನರು.

ನನಗೆ ಮೈಯೆಲ್ಲ ಉರಿಯಿತು. "ಅಜಾಗ್ರತೆ ಅವಳದ್ದಲ್ಲ ಸಾರ್, ಹೆಸರಿಂದು. ವೇಟ್ ಅಂದ್ರೆ ಯಾರಿಗೆ ಕಾಯೋದು, ಯಾವ ಲೆಕ್ಕದಲ್ಲಿ ಕಾಯೋದು? ಅವಳೇನು ಕನಸು ಕಾಣ್ಬೇಕಿತ್ತಾ?"

"ಎಂತ ಮಾರಾಯ್ತಿ, ಇಷ್ಟು ವರ್ಷ ಯಾರಿಗೂ ತೊಂದ್ರೆ ಆಗ್ಲಿಲ್ಲ."

"ಎಲ್ಲರಿಗೂ ಕಾಫಿ ಕುಡಿಸಿ ಹೇಳ್ಕೊಟ್ರಲ್ಲ, ಅದಕ್ಕೇ ಆಗ್ಲಿಲ್ಲ. ಗಿರಾಕಿಗಳಿಗೆಲ್ಲ ಹೋಗಿ ಕಾಫಿ ಕುಡಿಸಕ್ಕಾಗತ್ತಾ?"

ಅವರಿಗೆ ನಗು ಬಂತು, ಅಡಗಿಸಿಕೊಂಡರು. ಹೆಸರು ಬದಲಾಯಿಸಿದರೆ ಹಳೆ ಗಿರಾಕಿಗಳ ಪ್ರೋಗ್ರಾಂ ನಿಂತುಹೋಗುತ್ತದಲ್ಲ ಎಂದು ಕೊಸರಿದರು. ಹಳೇ ಹೆಸರುಗಳೂ ಒಂದಷ್ಟು ಕಾಲ ಪಕ್ಕದಲ್ಲೇ ಬಿದ್ದಿರಲಿ ಎಂದೆ. ಕೊನೆಗೆ, "ಆಯ್ತು, ಅವಳೇ ಹೊಸ ಹೆಸರು ಇಡ್ಲಿ. ಶುಕ್ರವಾರ ನೋಡುವ" ಎಂದರು.

ಮೂರು ಹೆಸರಿಗೆ ನಾವಿಬ್ಬರೂ ಮಾಡಿದ ಜಗಳ ಆ ದೇವರಿಗೇ ಪ್ರೀತಿ. ಮೊದಲನೆಯದಕ್ಕೆ ಕನೆಕ್ಟ್ ಟೈಮ್‌ಔಟ್, ಎರಡನೆಯದಕ್ಕೆ ರೆಸ್ಪಾನ್ಸ್ ಟೈಮ್‌ಔಟ್ ಎಂದಳು; ಒಪ್ಪಿದೆ. ಮೂರನೆಯದಕ್ಕೂ ಟೈಮ್‌ಔಟ್ ಅಂತಲೇ ಇರಲಿ, ಸಾಲಾಗಿ ಚೆನ್ನಾಗಿ ಕಾಣುತ್ತದೆ ಎಂದೆ. ಅವಳು ಜಪ್ಪಯ್ಯ ಅನ್ನಲಿಲ್ಲ. "ಇಲ್ಲಕ್ಕಾ, ಮೊದಲ್ ಎರಡೂ ನಾವ್ ಕಾಯೋದು. ಇದು ಕಾಯೋದಿಲ್ಲ, ಸೀಟ್ ಹಿಡಿದಿಡೋದು. ವೇರೆ ವಿಷಯಂ. ವೇರೆ ಹೆಸರೇ ಬೇಕು." ಸೀಟ್ ಹೋಲ್ಡ್ ಎಂದು ಬರೆದಳು. ಮೂರಕ್ಕೂ ಕೊನೆಯಲ್ಲಿ ಸೆಕೆಂಡ್ಸ್ ಎಂದು ಸೇರಿಸಿದಳು. ಸೋತಿದ್ದಕ್ಕೆ ನನಗೆ ಸಿಟ್ಟು ಬಂತು, ಅವಳ ಮೇಲೆ ಹೆಮ್ಮೆಯೂ ಆಯಿತು.

ಶುಕ್ರವಾರ ಯಜಮಾನರು ಅದೇ ಗಿರಾಕಿಗೆ ಫೋನ್ ಮಾಡಿ, ಹೊಸ ಹೆಸರುಗಳನ್ನಷ್ಟೇ ಓದಿ, ಯಾವುದಕ್ಕೆ ಎಷ್ಟು ಹಾಕುತ್ತೀರಿ ಎಂದು ಕೇಳಿದರು. ಆತ ಮರುಪ್ರಶ್ನೆ ಹಾಕದೆ ಮೂರಕ್ಕೂ ಸರಿಯಾಗಿ ಹೇಳಿದ. ಯಜಮಾನರು ರಿಸೀವರ್ ಇಟ್ಟರು.

"ಹಾಗಾದ್ರೆ ನನ್ನ ಹೆಸರೆಲ್ಲ ಹೋಯ್ತು" ಎಂದರು, ಮುಖ ಸಪ್ಪಗೆ ಮಾಡಿ.

"ಹೌದು ಸಾರ್. ನಾನು ಇರ್ಲಾ, ಹೋಗ್ಲಾ?" ಎಂದಳು ಅವಳು.

"ಹೋಗುದು ಎಲ್ಲಿಗೆ? ಹಳೇ ಗಿರಾಕಿಗಳಿಗೆಲ್ಲ ಇದನ್ನ ಹೇಳುದು ಯಾರು, ನಾನಾ?"

ಕೆಳಗೆ ಹೋಟೆಲಿನ ಗಲ್ಲಾಪೆಟ್ಟಿಗೆಯ ಪಕ್ಕದ ಫೋನಿನಿಂದ ಮನೆಗೆ ಹೇಳಿದಳು. ಎರಡು ಮಾತಾಡಿ, ಮುಖ ಒರೆಸಿಕೊಂಡು ರಿಸೀವರನ್ನು ನನ್ನ ಕೈಗಿಟ್ಟಳು. ಆ ಕಡೆ ಅವಳಪ್ಪ. ಅಜ್ಜಿಯ ಎದುರು ಬಾಯಿಬಿಡದ ಮನುಷ್ಯ ಎಂದು ಕೇಳಿದ್ದೆ. ಈಗ ಅವರೇ ಕೇಳಿದರು:

"ಹಂಗಾದ್ರೆ ಇನ್ನೆರಡು ವರ್ಷ ಮಗು ನಮ್ಮನೇಲೇ ಇರ್ತಾಳೆ, ಅಲ್ವೇನಮ್ಮಾ?"