ಮೊಣಕಾಲಿನೊಳಗಿನ ಪೊರೆ

ಶಹಾಪುರದ ಕಡೆಗೆ ಕಾಲುವೆ ನೀರು ಬಂದ ಮೂರನೆಯ ವರ್ಷ ನನ್ನ ಬಲ ಮೊಣಕಾಲು ಊದಿಕೊಂಡಿತು. ಅದಕ್ಕೂ ಮೊದಲೇ ಬೆಳಗಿನ ಹೊತ್ತು ಬೆರಳು ಮಡಚಲು ಬರುತ್ತಿರಲಿಲ್ಲ. ರೊಟ್ಟಿ ಬಡಿಯುವಾಗ ಕಣ್ಣಲ್ಲಿ ನೀರು ಬರುತ್ತಿತ್ತು. ಜೋಳದ ಹೊಲ ಭತ್ತದ ಗದ್ದೆಯಾಗಿತ್ತು. ಮನೆಯ ಹೆಂಗಸರೆಲ್ಲ ನಾಟಿಗೆ ಕೆಸರಿಗಿಳಿದರೆ ನಾನು ಬದುವಿನ ಮೇಲೆ ಕುಳಿತೆ.

ಅತ್ತೆಗೆ ಅದನ್ನು ತಡೆಯಲಾಗಲಿಲ್ಲ. ಕೂಲಿಗೆ ಬಂದವರೆಲ್ಲ ನೋಡುತ್ತಿರುವಾಗಲೇ ನನ್ನ ಸೀರೆ ಎತ್ತಿ, ಬಾವಿನ ಮೇಲೆ ಹೆಬ್ಬೆರಳು ಒತ್ತಿದಳು.

“ನೋಡ್ರೆವ್ವಾ, ಕುಂತು ತಿಂದು ಊದ್ಯಾಳ. ಇದು ಬ್ಯಾನಿ ಅಲ್ಲ, ಮೈಗಳ್ಳತನ!”

ನಾನು ಚೀರಿದೆ. ಕೆಸರಿನಲ್ಲಿದ್ದವರು ಯಾರೋ ನಕ್ಕರು.

ಯಾದಗಿರಿಯ ಡಾಕ್ಟರು ಕೀಲುವಾತ ಎಂದು ಗುಳಿಗೆ ಕೊಟ್ಟರು. ಬೆರಳುಗಳ ನೋವು ತಗ್ಗಿತು, ಮೊಣಕಾಲಿನ ಬಾವು ಇಳಿಯಲಿಲ್ಲ. ಕೊನೆಗೆ ಗಂಡ ಹೈದರಾಬಾದಿಗೆ ಕರೆದೊಯ್ದ. ಅಲ್ಲಿನ ಡಾಕ್ಟರಮ್ಮ ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದರು. ಕೀಲಿನೊಳಗೆ ತೆಳುವಾದ ಪೊರೆ ಇರುತ್ತದೆ. ನನ್ನದು ದಪ್ಪಗೆ ಬೆಳೆದು ಎಲುಬನ್ನೇ ತಿನ್ನುತ್ತಿದೆ. ಸೂಜಿಯಿಂದ ಔಷಧ ಬಿಟ್ಟು ಆ ಪೊರೆಯ ಜೀವಕೋಶಗಳನ್ನು ಸಾಯಿಸಬೇಕು. ಆದರೆ ಪೊರೆ ಮತ್ತೆ ಬೆಳೆದರೂ ಬೆಳೆಯಬಹುದು, ರೋಗವಂತೂ ಮೈಯಲ್ಲೇ ಇರುತ್ತದೆ.

“ಸಾಯಿಸ್ರಿ,” ಎಂದೆ. ಆ ಮಾತು ಹೇಳುವಾಗ ನನಗೆ ಕಂಡದ್ದು ಪೊರೆಯಲ್ಲ, ಅತ್ತೆಯ ಹೆಬ್ಬೆರಳು.

ಸೂಜಿ ಹಾಕಿದ ಮೇಲೆ ಮೂರು ದಿನ ಕಾಲು ಅಲುಗಿಸದೆ ಅಲ್ಲೇ ಮಲಗಿದ್ದು ಊರಿಗೆ ಬಂದೆವು. ಇನ್ನೂ ಎರಡು ವಾರ ಕಾಲಿನ ಮೇಲೆ ಭಾರ ಹಾಕಬಾರದಿತ್ತು. ಅತ್ತೆ ಬಾಗಿಲಲ್ಲಿ ನಿಂತು ಓಣಿಗೆ ಕೇಳುವಂತೆ ಹೇಳಿದಳು, “ಜೀವ ಇರೋ ಮೈಯಾಗ ಸಾಯಿಸೋದೇನೈತಿ? ಹೈದರಾಬಾದಿಗಿ ಹೋಗಿ ಹೊಸಾ ನೆವ ತಂದಾಳ.”

ನಾನು ಎದ್ದೇಳುತ್ತೇನೋ ಇಲ್ಲವೋ ನೋಡಲು ನೀರಿನ ತಂಬಿಗೆಯನ್ನು ಕೈಗೆ ಸಿಗದ ಕಡೆ ಇಟ್ಟು ಗದ್ದೆಗೆ ಹೋಗುತ್ತಿದ್ದಳು. ಗಂಡ ಬರುವವರೆಗೂ ಒಣಗಿದ ಬಾಯಲ್ಲೇ ಬಿದ್ದಿರುತ್ತಿದ್ದೆ. ಏಳಲಿಲ್ಲ.

ಒಂದೂವರೆ ತಿಂಗಳಲ್ಲಿ ಬಾವು ಇಳಿಯಿತು. ನಾನು ಬಾವಿಕಟ್ಟೆಯವರೆಗೆ ನಡೆದದ್ದನ್ನು ಕಂಡ ದಿನವೇ ಅತ್ತೆ, “ಈಗರ ಕೆಸರಿಗಿಳಿ,” ಎಂದಳು.

“ಇಳಿಯಂಗಿಲ್ರಿ. ಡಾಕ್ಟರು ಬ್ಯಾಡ ಅಂದಾರ. ಅವರು ಹೂಂ ಅಂದಿದ್ರೂ ನಿಮ್ಮ ಮಾತಿಗಿ ಇಳೀತಿರಲಿಲ್ಲ.”

ಮರುದಿನ ಒಲೆ ಬೇರೆಯಾಯಿತು. ಗಂಡ ಎರಡೂ ಒಲೆಯ ಅಡುಗೆ ಉಂಡು ಸುಮ್ಮನಿದ್ದ. ಅವನ ಆ ಸುಮ್ಮನಿರುವಿಕೆಯೂ ನನಗೆ ಸೇರಲಿಲ್ಲ. ಆ ಮೊಣಕಾಲು ಹಲವು ವರ್ಷ ಬಾಳಿತು, ಬೆರಳುಗಳು ಮಾತ್ರ ಸೊಟ್ಟಗಾದವು. ಅತ್ತೆ ಸಾಯುವವರೆಗೂ ನನ್ನ ರೋಗವನ್ನು ನಂಬಲಿಲ್ಲ. ನಾನೂ ಅವಳನ್ನು ಇಂದಿಗೂ ಕ್ಷಮಿಸಿಲ್ಲ.