ನೆಮಾನಿಯವರ ಅರೆಬೆಂದ ಕೆಸು

ನಮ್ಮ ದ್ವೀಪದ ಲೌಟೋಕಾ ಪಟ್ಟಣದ ಸಕ್ಕರೆ ಸೀಮೆಯಲ್ಲಿ ಅಗ್ನಿಶಾಮಕ ಸೇವೆಯೆಂದರೆ ಜನರ ಬಾಯಿಗೆ ಮೊದಲು ಬರುತ್ತಿದ್ದ ಹೆಸರು ಶ್ರೀ ನೆಮಾನಿ ವುನಿವಾಂಗಾ ಅವರದು. ಅವರ ಎಪ್ಪತ್ತನೆಯ ಹುಟ್ಟುಹಬ್ಬಕ್ಕೆಂದು ನಮ್ಮ ಠಾಣೆಯವರು ಸಂಕಲ್ಪಿಸಿದ ಈ ಸಂಪುಟ ಅಚ್ಚಿಗೆ ಹೋಗುವ ಮೊದಲೇ, ಸೇವೆಯುದ್ದಕ್ಕೂ ಕುಡಿದ ಹೊಗೆ ಅವರನ್ನು ಕರೆದೊಯ್ದಿತು. ಅಭಿನಂದಿಸಲು ಹಿಡಿದ ಲೇಖನಿಯಿಂದಲೇ ಅಗಲಿಕೆಯನ್ನು ಬರೆಯಬೇಕಾದ ದುಃಖ ನಮ್ಮದು.

ಕಬ್ಬಿನ ಗದ್ದೆಗಳ ಬೆಂಕಿ ನಂದಿಸುವ ಸಾಮಾನ್ಯ ಸಿಬ್ಬಂದಿಯಾಗಿ ಸೇರಿ, ಠಾಣಾಧಿಕಾರಿಯಾಗಿ ನಿವೃತ್ತರಾದವರು ಅವರು. ರಾಮಕಲಿ ಎಂಬ ಅಜ್ಜಿಯ ಅಡುಗೆಮನೆ ಸುಟ್ಟುಹೋದ ದಿನ, ಉರಿ ಆರಿದೊಡನೆ ಗಂಟುಮೂಟೆ ಕಟ್ಟಿದ ನಮ್ಮನ್ನು ಗದರಿದ್ದರು: "ಎಲ್ಲಿಗ್ರೋ ಅವಸರ? ನೀರು ಹೊಡೆದದ್ದು ಅರ್ಧ ಕೆಲಸ. ಅಜ್ಜಿ ಪಕ್ಕ ಸ್ವಲ್ಪ ಹೊತ್ತು ಕೂತ್ಕೊಳ್ಳಿ." ಮುಂದಿನ ರಜೆಯಲ್ಲಿ ಮಗ ಸೆಮಿಯನ್ನು ಕರೆದುಕೊಂಡು ಹೋಗಿ ತಾವೇ ತಗಡು ಹೊದಿಸಿಕೊಟ್ಟರು. ಬೆಂಕಿ ಆರಿಸಿ ಮನೆಗೆ ಮರಳಿದಾಗಲೆಲ್ಲ ಅಂಗಳದ ನಲ್ಲಿಯಲ್ಲಿ ಮಿಂದು, ಹೊಗೆಯ ವಾಸನೆ ಕಳೆದುಕೊಂಡ ಮೇಲೆಯೇ ಮಕ್ಕಳನ್ನು ಎತ್ತಿಕೊಳ್ಳುತ್ತಿದ್ದರು.

ಇಂಥವರಿಗೆ ಬಾರದಿದ್ದ ವಿದ್ಯೆ ಒಂದೇ, ಬೆಂಕಿಯನ್ನು ಉರಿಯಗೊಡುವುದು. ಆದರೂ ಹಬ್ಬಕ್ಕೆ ಹಿತ್ತಲಲ್ಲಿ ಲೋವೊ ಎಂಬ ನೆಲದೊಲೆ ಹೂಡುವ ಹಕ್ಕನ್ನು ಯಾರಿಗೂ ಬಿಟ್ಟುಕೊಟ್ಟವರಲ್ಲ. ಗುಂಡಿಯ ಕಲ್ಲುಗಳು ಕೆಂಪಗೆ ಕಾಯುವವರೆಗೆ ಸೌದೆ ಉರಿಯಬೇಕು, ಆಮೇಲೆ ಎಲೆಯಲ್ಲಿ ಸುತ್ತಿದ ಕೋಳಿ, ಕೆಸುವಿನ ಗೆಡ್ಡೆಗಳನ್ನಿಟ್ಟು ಮಣ್ಣು ಮುಚ್ಚಬೇಕು. ಇವರದೋ, ಜ್ವಾಲೆ ಮೊಣಕಾಲೆತ್ತರ ಎದ್ದರೆ ಸಾಕು, ಕೈ ತಾನಾಗಿ ಬಕೆಟ್ಟಿಗೆ ಹೋಗುತ್ತಿತ್ತು. ಅರೆಬೆಂದ ಕೆಸು ಗಂಟಲನ್ನು ತುರಿಸದೆ ಬಿಟ್ಟೀತೆ? ಹೊಗೆಗೆ ಮರಗಟ್ಟಿದ ಅವರ ಗಂಟಲಿಗೆ ಮಾತ್ರ ಆ ತುರಿಕೆ ತಿಳಿಯುತ್ತಿರಲಿಲ್ಲ. ಪತ್ನಿ ಲಿತಿಯಾ ಚಾಪೆಯ ಅಂಚಿನಲ್ಲಿ ಮಕ್ಕಳಿಗೆ ನಿಂಬೆಹೋಳು ದಾಟಿಸುತ್ತ, "ಕೆಮ್ಮಿದ್ರೆ ನೋಡಿ ಮತ್ತೆ! ನಗ್ತಾ ನಗ್ತಾ ತಿನ್ನಿ" ಎಂದು ಪಿಸುಗುಡುತ್ತಿದ್ದರು. "ಹೇಗಿದೆ?" ಎಂದು ನೆಮಾನಿ ಕೇಳಿದರೆ ಇಡೀ ಮನೆ "ಬೆಣ್ಣೆ!" ಎನ್ನುತ್ತಿತ್ತು. ಊಟಕ್ಕೆ ಹೋದ ನಾವೂ ಹಾಗೆಂದವರೇ. ಪಾಪ, ಅವರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ಅವರು ಹೋದ ಮೇಲೆ, ಶೋಕ ಮುಗಿಯುವ ನೂರನೆಯ ದಿನದವರೆಗೆ ಆ ಹಿತ್ತಲಲ್ಲಿ ಲೋವೊ ಹೊಗೆಯಾಡಕೂಡದೆಂದು ಲಿತಿಯಾ ವ್ರತ ಹಿಡಿದರು. ಮಣ್ಣು ಮಾಡುವಾಗಲೂ ಅವರು ಅಳಲಿಲ್ಲ. ಬಂದವರಿಗೆ ಚಾಪೆ ಹಾಸಿದರು, ಚಹಾ ಕೊಟ್ಟರು. ಆಮೇಲೆ ಮಾತು ಕಡಿಮೆಯಾಯಿತು, ಊಟ ಅದಕ್ಕೂ ಕಡಿಮೆಯಾಯಿತು. ಒಮ್ಮೆ ಅತ್ತುಬಿಡಲಿ ದೇವರೇ ಎಂದು ಸೆಮಿ ಹಂಬಲಿಸಿದ. ಹೀಗೇ ಬಿಟ್ಟರೆ ಅಮ್ಮನೂ ಕೈತಪ್ಪಿ ಹೋಗುವಳೆಂಬ ಭಯ ಅವನಿಗೆ.

ನೂರರ ದಿನ ಸೆಮಿಯೇ ಲೋವೊ ಹೂಡಿದ. ಹತ್ತಿರದಲ್ಲಿ ಬಕೆಟ್ಟಿರಲಿಲ್ಲ, ಕಲ್ಲುಗಳು ಚೆನ್ನಾಗಿ ಕಾದವು. ಲಿತಿಯಾ ಅಭ್ಯಾಸಬಲದಿಂದ ನಿಂಬೆ ಕೊಯ್ದಿಟ್ಟುಕೊಂಡು, ನಮ್ಮ ಬಲವಂತಕ್ಕೆ ಒಂದು ತುಂಡು ಕೆಸು ನುಂಗಿ, ಕಾದರು.

"ತುರಿಸ್ತಾನೇ ಇಲ್ವಲ್ಲೋ, ಸೆಮಿ" ಎಂದವರೇ ಗೋಳೋ ಎಂದು ಅತ್ತುಬಿಟ್ಟರು.

ಸೆಮಿ ಅವರನ್ನು ತಬ್ಬಿಕೊಂಡ. ನೆಮಾನಿಯವರು ಕಲಿಸಿದ್ದಂತೆ ನಾವು ಪಕ್ಕದಲ್ಲಿ ಕೂತೆವು. ಬಹಳ ಹೊತ್ತಿನ ಮೇಲೆ ಲಿತಿಯಾ ಮೂಗೊರೆಸಿಕೊಂಡು, "ಇಷ್ಟೊಂದು ಬೇಯಿಸ್ಬೇಡ್ವೋ. ಕ್ರಿಸ್ಮಸ್ಸಿಗೆ ನಿಮ್ಮಪ್ಪನ ಥರಾನೇ ಮಾಡು. ನಿಂಬೆ ನಾನು ಕೊಯ್ತೀನಿ" ಎಂದು ಇನ್ನೊಂದು ತುಂಡಿಗೆ ಕೈ ಚಾಚಿದರು.

ನೆಮಾನಿಯವರಿಗೆಂದು ನಾವು ಎತ್ತಿಟ್ಟಿದ್ದ ದೀರ್ಘಾಯುಷ್ಯದ ಹಾರೈಕೆ ಇನ್ನು ನಿಂಬೆ ಕೊಯ್ಯುವ ಆ ಕೈಗಳಿಗೆ ಸಲ್ಲಲಿ. ಕ್ರಿಸ್ಮಸ್ಸಿಗೆ ನಾವೂ ಬರುತ್ತೇವೆ, ಕೆಮ್ಮದೆ ಉಣ್ಣುತ್ತೇವೆ.