ಹೋಟೆಲಿನ ವಿಳಾಸ ಬರೆಸಿದ್ದು

ಅಂದು ಬೆಳಿಗ್ಗೆ ದೋಸೆ ಹಿಟ್ಟು ರುಬ್ಬುತ್ತಿದ್ದಾಗ ಕೆಮ್ಮು ಬಂತು. ಬಚ್ಚಲಿಗೆ ಓಡಿ ಉಗುಳಿದೆ. ಕೆಂಪಗಿತ್ತು. ಎಲೆಅಡಿಕೆ ಹಾಕಿದ್ದೆನೇ ಎಂದು ಯೋಚಿಸಿದೆ. ಹಾಕಿರಲಿಲ್ಲ.

ನೀರು ಹೊಯ್ದು ಬಂದು ಮತ್ತೆ ರುಬ್ಬಲು ಕೂತೆ.

ಆ ಹಿಟ್ಟನ್ನು ಚೆಲ್ಲಬೇಕಿತ್ತು. ಚೆಲ್ಲಲಿಲ್ಲ. ನೆನೆದರೆ ಈಗಲೂ ತಲೆ ತಗ್ಗುತ್ತದೆ.

ಜಯನಗರದ ಆ ಹೋಟೆಲಿನಲ್ಲಿ ಆರು ವರ್ಷದಿಂದ ನನ್ನ ಕೆಲಸ, ಊಟ, ಹಾಸಿಗೆ ಎಲ್ಲ ಇದ್ದವು. ಊರಲ್ಲಿ ಯಾರೂ ಉಳಿದಿಲ್ಲ. ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ನೋಡಿ ಟಿ.ಬಿ. ಎಂದು ಹೇಳಿ ವಿಳಾಸ ಕೇಳಿದಾಗ ಹೋಟೆಲಿನದ್ದೇ ಬರೆಸಿದೆ. ಬೇರೆ ಯಾವುದಿತ್ತು?

"ಒಂದೂವರೆ ವರ್ಷ ಮಾತ್ರೆ. ಒಂದಿನಾನೂ ಬಿಡಬಾರದು. ಮನೇಲೇ ಇದ್ಕೊಂಡು ತಗೋಬಹುದು" ಎಂದರು ಡಾಕ್ಟರು. ಮನೆ ಎಂದಾಗಲೂ ತಲೆಯಾಡಿಸಿದೆ.

ತಿಂಗಳಲ್ಲಿ ಮೈ ಹಗುರವಾಯಿತು. ಮಾತ್ರೆ ತರಲು ಹೋಗಲಿಲ್ಲ. ಆಗ ಕ್ಲಿನಿಕ್ಕಿನ ಹೆಲ್ತ್ ವಿಸಿಟರ್ ಸಿಸ್ಟರ್ ನನ್ನ ಕಾರ್ಡು ಹಿಡಿದು ಹೋಟೆಲಿಗೇ ಬಂದರು. ಗಲ್ಲಾದ ಮುಂದೆ ನಿಂತು ಕೇಳಿದರು: "ಟಿ.ಬಿ. ಕ್ಲಿನಿಕ್‌ನಿಂದ ಬಂದಿದೀನಿ. ರಂಗಪ್ಪ ಅನ್ನೋರು ಇಲ್ಲೇ ಇರೋದಾ?"

ತಿನ್ನುತ್ತಿದ್ದವರ ಕೈಗಳು ನಿಂತವು.

ಯಜಮಾನರು ಕೂಗಾಡಲಿಲ್ಲ. "ನಂಗೂ ಮಕ್ಕಳಿದಾವೆ ರಂಗಪ್ಪ. ವಾಸಿ ಮಾಡ್ಕೊಂಡ್ ಬಾ" ಎಂದು ನನ್ನ ಟ್ರಂಕನ್ನು ತಾವೇ ಹೊರಗಿಟ್ಟರು.

ಆಮೇಲಿನ ದಿನಗಳು ನೆನಪಿನಲ್ಲಿ ಒಂದಕ್ಕೊಂದು ಕೂಡಿಕೊಳ್ಳುವುದಿಲ್ಲ. ಅರ್ಧ ಕಟ್ಟಿದ, ತಾರಸಿಯಿಲ್ಲದ ಮನೆಯೊಂದರಲ್ಲಿ ಮಲಗುತ್ತಿದ್ದೆ. ಜ್ವರ. ಸಿಸ್ಟರ್ ಅಲ್ಲಿಗೂ ಹುಡುಕಿಕೊಂಡು ಬಂದು ಕೊಟ್ಟ ಮಾತ್ರೆ ನುಂಗಿದೆನೋ ಇಲ್ಲವೋ ತಿಳಿಯದೆ ಮತ್ತೊಮ್ಮೆ ನುಂಗಿದ್ದೂ ಉಂಟು. ಅವರು ನನ್ನನ್ನು ಕರೆದುಕೊಂಡು ಅಲೆದರು. ಆಸ್ಪತ್ರೆಯಲ್ಲಿ, "ಬೆಡ್ ಇಲ್ಲ, ಮನೇಲೇ ಇರ್ಲಿ" ಎಂದರು. ಛತ್ರದಲ್ಲಿ, "ವಾಸಿಯಾಗಿದೆ ಅಂತ ಆಸ್ಪತ್ರೆ ಚೀಟಿ ತನ್ನಿ" ಎಂದರು. ಸೂರು ಸಿಗಲು ವಾಸಿಯಾಗಿರಬೇಕು, ವಾಸಿಯಾಗಲು ಸೂರು ಬೇಕು.

"ಯಾವ್ದು ಮೊದ್ಲು ಸಿಸ್ಟರ್?"

"ನಂಗೂ ಗೊತ್ತಾಗ್ತಿಲ್ಲ ರಂಗಪ್ಪ."

ಅವರ ಮೇಲೆ ಸಿಟ್ಟಿತ್ತು. ಅವರ ಹಿಂದೆಯೇ ನಡೆಯುತ್ತಲೂ ಇದ್ದೆ.

ಕೊನೆಗೆ ಸಾರಕ್ಕಿ ಕೆರೆಯ ಕೆಳಗೆ ಸೊಪ್ಪು ಬೆಳೆಯುವ ಮುನಿಯಪ್ಪನವರ ತೋಟಕ್ಕೆ ಕರೆದೊಯ್ದರು. ಅವರ ತಮ್ಮ ಇದೇ ಮಾತ್ರೆಯಲ್ಲಿ ಗುಣವಾದವನಂತೆ. ಮುನಿಯಪ್ಪನವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಪಂಪ್ ಮನೆ ಖಾಲಿ ಬಿದ್ದೈತೆ. ಇರ್ಲಿ ಬಿಡಮ್ಮ. ನನ್ ತಮ್ಮನ್ನೂ ಎಲ್ರೂ ಹಿಂಗೇ ಓಡಿಸ್ತಿದ್ರು."

ಇಲ್ಲಿಗೆ ಬಂದು ವರ್ಷವಾಯಿತು. ಅವರ ಹೆಂಡತಿ ಬಾಗಿಲ ಬಳಿ ಮುದ್ದೆ, ಸಾರು ಇಟ್ಟು ಹೋಗುತ್ತಾರೆ. ಕೈಲಾದಷ್ಟು ಕಳೆ ಕೀಳುತ್ತೇನೆ. ಪ್ರತಿ ಸೋಮವಾರ ಸಿಸ್ಟರ್ ಬಂದು ಉಳಿದ ಮಾತ್ರೆ ಎಣಿಸುತ್ತಾರೆ.

ಕಫದಲ್ಲಿ ಈಗ ಕ್ರಿಮಿ ಕಾಣುತ್ತಿಲ್ಲವಂತೆ. ಮಾತ್ರೆ ಮಾತ್ರ ಇನ್ನೂ ಆರು ತಿಂಗಳು. ಹಾಗಾದರೆ ವಾಸಿಯಾಗಿದೆಯೋ ಇಲ್ಲವೋ, ನನಗೆ ಸರಿಯಾಗಿ ಅರ್ಥವಾಗಿಲ್ಲ.

ಹೋದ ಸೋಮವಾರ ಧೈರ್ಯ ಮಾಡಿ ಹೇಳಿಬಿಟ್ಟೆ: "ನೀವು ಹೋಟ್ಲಿಗೆ ಬರ್ದೇ ಇದ್ದಿದ್ರೆ ನಾನು ಬೀದಿಗೆ ಬೀಳ್ತಿರ್ಲಿಲ್ಲ ಸಿಸ್ಟರ್."

"ಗೊತ್ತು ರಂಗಪ್ಪ. ಎಲ್ರೆದುರಿಗೆ ಹಾಗೆ ಕೇಳ್ಬಾರ್ದಿತ್ತು."

ಅವರು ಬಾರದೇ ಇದ್ದಿದ್ದರೆ ಇಷ್ಟು ಹೊತ್ತಿಗೆ ಸತ್ತಿರುತ್ತಿದ್ದೆ. ಅದನ್ನೂ ಹೇಳಬೇಕೆಂದಿದ್ದೆ.

ಬಿಸಿಲಲ್ಲಿ ನಡೆದು ಬಂದಿದ್ದರು. ನೀರು ಕೇಳಿದರು. ಇದ್ದದ್ದು ನನ್ನದೊಂದೇ ಲೋಟ. ತಿಕ್ಕಿ ತೊಳೆದು, ಹಿಂಜರಿಯುತ್ತಲೇ ಕೊಟ್ಟೆ. ಕಚ್ಚಿ ಕುಡಿದರು. ಲೋಟ ಮುಂದೆ ಚಾಚಿ, "ಇನ್ನೊಂಚೂರು ಹಾಕಿ" ಎಂದರು.